ಓದುಗರ ಪ್ರಶ್ನೆ: ಈಡಿಪಸ್ ಬರೀ ವಿಧಿಯ ಗೊಂಬೆಯಾ?

ಪ್ರಶ್ನೆ: ಲಂಕೇಶರು ಕನ್ನಡಕ್ಕೆ ತಂದ ‘ದೊರೆ ಈಡಿಪಸ್’ ಓದಿದೆ. ಹುಟ್ಟುವ ಮೊದಲೇ ಎಲ್ಲ ಬರೆದಾಗಿತ್ತು ಎಂದ ಮೇಲೆ ಅವನು ಏನು ಮಾಡಿದರೂ ಅಷ್ಟೇ ಅಲ್ವಾ? ಗೊಂಬೆಯಾಟ ನೋಡಿದ ಹಾಗಾಯಿತು.
– ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಬರೀ ಗೊಂಬೆಯಾಟ ಆಗಿದ್ದರೆ ಇಷ್ಟು ಶತಮಾನ ಅದನ್ನು ಯಾರು ನೋಡುತ್ತಿದ್ದರು ಮಾರಾಯ್ರೆ!

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮಗನ ಕೈಯಿಂದಲೇ ಸಾವು ಎಂದು ಥೀಬ್ಸಿನ ರಾಜ ಲಾಯಸನಿಗೆ ಅಪೋಲೋ ದೇವರ ನುಡಿ ಬಂತು. ನಮ್ಮ ಕಂಸನಿಗೆ ಬಂದ ಬುದ್ಧಿಯೇ ಅವನಿಗೂ ಬಂತು. ಮಗುವಿನ ಕಾಲು ಕಟ್ಟಿ, ಬೆಟ್ಟದಲ್ಲಿ ಬಿಟ್ಟು ಬಾ ಎಂದು ಕುರುಬನ ಕೈಗೆ ಕೊಟ್ಟರು. ಅವನಿಗೆ ಪಾಪ ಅನ್ನಿಸಿತು, ಮಗು ಕೊರಿಂತ್ ಅರಮನೆ ಸೇರಿತು. ಆ ಮಗುವೇ ಈಡಿಪಸ್. ದೊಡ್ಡವನಾಗಿ, ಅಪೋಲೋ ನುಡಿ ಕೊಡುವ ಡೆಲ್ಫಿ ಗುಡಿಗೆ ಹೋಗಿ ಕೇಳಿದರೆ, ‘ತಂದೆಯನ್ನು ಕೊಲ್ಲುತ್ತೀ, ತಾಯಿಯನ್ನು ಮದುವೆಯಾಗುತ್ತೀ’ ಎಂಬ ಉತ್ತರ. ಸಾಕಿದವರೇ ಹೆತ್ತವರು ಅಂದುಕೊಂಡಿದ್ದ ಹುಡುಗ ಹೆದರಿ ಕೊರಿಂತ್ ಕಡೆ ತಲೆ ಹಾಕಲೇ ಇಲ್ಲ. ಮೂರು ದಾರಿ ಕೂಡುವಲ್ಲಿ ಗುರುತಿಲ್ಲದ ಮುದುಕನ ಜೊತೆ ದಾರಿ ಬಿಡುವ ಜಗಳವಾಯಿತು. ಮುದುಕ ಹೊಡೆದ, ಇವನು ಕೊಂದೇಬಿಟ್ಟ. ಆಮೇಲೆ ಥೀಬ್ಸಿಗೆ ಬಂದು, ಊರನ್ನು ಕಾಡುತ್ತಿದ್ದ ಸ್ಫಿಂಕ್ಸ್ ಎಂಬ ರಕ್ಕಸಿಯ ಒಗಟು ಬಿಡಿಸಿ, ರಾಜನಾಗಿ, ಗಂಡ ಸತ್ತ ರಾಣಿ ಯೊಕಾಸ್ತಳನ್ನು ಮದುವೆಯಾದ. ಆ ಮುದುಕನೇ ಲಾಯಸ, ಈ ರಾಣಿಯೇ ಹೆತ್ತ ತಾಯಿ.

ಈಗ ನೋಡಿ, ಡೆಲ್ಫಿ ಹೇಳಿದ್ದೆಲ್ಲ ಇಲ್ಲಿಗೆ ಮುಗಿಯಿತು. ಆದರೆ ಲಂಕೇಶರು ಕನ್ನಡಕ್ಕೆ ತಂದ, ಗ್ರೀಕ್ ಕವಿ ಸಾಫೊಕ್ಲಿಸನ ಈ ನಾಟಕ ಶುರುವಾಗುವುದೇ ಇದಾಗಿ ಎಷ್ಟೋ ವರ್ಷದ ಮೇಲೆ! ಊರಿಗೆ ಪಿಡುಗು ಬಂದಿದೆ, ಲಾಯಸನನ್ನು ಕೊಂದವನನ್ನು ಹೊರಹಾಕಬೇಕು ಎಂದು ಡೆಲ್ಫಿಯ ನುಡಿ. ಈಡಿಪಸ್ ಹುಡುಕಲು ಹೊರಡುತ್ತಾನೆ. ಕಣಿ ಹೇಳುವ ಕುರುಡ ಟೈರೀಸಿಯಸ್, ನನ್ನನ್ನು ಕೇಳಬೇಡ ಎನ್ನುತ್ತಾನೆ. ಯೊಕಾಸ್ತಳಿಗೆ ಇವನಿಗಿಂತ ಮೊದಲೇ ಎಲ್ಲ ಹೊಳೆದುಹೋಗುತ್ತದೆ, ಕೆದಕಬೇಡ ಎಂದು ಬೇಡುತ್ತಾಳೆ. ಕೊನೆಗೆ ಆ ಮುದಿ ಕುರುಬ ಕೂಡ ಬಾಯಿ ಬಿಡಲು ಒಪ್ಪುವುದಿಲ್ಲ. ಈಡಿಪಸ್ ಬಿಡುವುದಿಲ್ಲ. ‘ಸತ್ಯ ಹುಡುಕಿಯೇ ತೀರುತ್ತೀ’ ಎಂದು ಡೆಲ್ಫಿ ಅವನಿಗೆ ಹೇಳಿರಲಿಲ್ಲ. ಆ ಹಟ ಅವನದೇ. ನನಗೆ ನಾಟಕ ಇರುವುದೇ ಅಲ್ಲಿ. ಸತ್ಯ ಗೊತ್ತಾಗಿ, ತನ್ನ ಕಣ್ಣು ತಾನೇ ಚುಚ್ಚಿಕೊಂಡ ಮೇಲೆ ಅವನೇ ಹೇಳುವುದು ಏನು ಗೊತ್ತಾ? ಈ ಸಂಕಟ ತಂದದ್ದು ಅಪೋಲೋ, ಆದರೆ ಕಣ್ಣಿಗೆ ಹೊಡೆದ ಕೈ ನನ್ನದೇ ಎಂದು.

ಗ್ರೀಕರ ‘ಮೊಯ್ರಾ’ ಎಂಬ ಮಾತನ್ನು ನಾವು ಸುಮ್ನೆ ವಿಧಿ ಅಂದುಬಿಡುತ್ತೇವೆ. ಅದರ ಮೂಲ ಅರ್ಥ ಪಾಲು, ಅಷ್ಟೇ. ‘ಪಾಲಿಗೆ ಬಂದದ್ದು ಪಂಚಾಮೃತ’ ಅನ್ನುತ್ತೇವಲ್ಲ, ಆ ಪಾಲು. ಎಲೆಗೆ ಏನು ಬಿತ್ತು ಎನ್ನುವುದು ಒಂದು, ಅದನ್ನು ಹೇಗೆ ಉಂಡೆ ಎನ್ನುವುದು ಇನ್ನೊಂದು.

ಇನ್ನೊಂದು ವ್ಯತ್ಯಾಸ ನಮ್ಮ ಕರಾವಳಿಯವರಿಗೆ ಬೇಗ ಕಾಣುತ್ತದೆ. ನಾವು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದರೆ ಕೊನೆಗೆ ಒಂದು ದಾರಿ ಉಂಟು: ಆಶ್ಲೇಷಾ ಬಲಿ, ತಪ್ಪುಕಾಣಿಕೆ, ಹರಕೆ. ದೈವ ಗದರಿಸಿದರೂ ಅಭಯ ಕೊಟ್ಟೇ ಕಳಿಸುತ್ತದೆ. ಡೆಲ್ಫಿ ಥೀಬ್ಸಿನ ಪಿಡುಗಿಗೆ ಪರಿಹಾರ ಹೇಳಿತು. ಹುಡುಗ ಈಡಿಪಸ್ ಒಬ್ಬನೇ ಹೋಗಿ ಕೇಳಿದಾಗ ಹೇಳಲಿಲ್ಲ. ನನ್ನ ಹೆತ್ತವರು ಯಾರು ಎಂದು ಅವನು ಕೇಳಿದ್ದಕ್ಕೂ ಉತ್ತರ ಕೊಡಲಿಲ್ಲ!

ಪ್ರಶ್ನೆ: ನಮ್ಮ ಕರ್ಣನ ಕಥೆಯೂ ಇದೇ ಅಲ್ಲವೇ?
– ಓದುಗರು, ಉಡುಪಿ

ಉತ್ತರ: ಹೆತ್ತವರು ಬಿಟ್ಟ ಮಗು, ಸಾಕಿದ ಮನೆ, ಅಲ್ಲಿಯವರೆಗೆ ಹೌದು. ಆಮೇಲೆ ಪೂರ್ತಿ ಉಲ್ಟಾ. ‘ಕರ್ಣಭೇದನ’ ತಾಳಮದ್ದಳೆ ಕೇಳಿದ್ದೀರಲ್ಲ. ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳುತ್ತಾನೆ, ರಾಜ್ಯವೂ ನಿನ್ನದೇ ಎನ್ನುತ್ತಾನೆ. ಕರ್ಣ ಎಲ್ಲ ಗೊತ್ತಾದ ಮೇಲೂ ಕೌರವನ ಉಪ್ಪಿನ ಋಣ ಬಿಡುವುದಿಲ್ಲ. ಅವನು ಗೊತ್ತಿದ್ದೂ ಸಾವಿನ ಕಡೆ ನಡೆದವನು, ಈಡಿಪಸ್ ಗೊತ್ತಿಲ್ಲದೆ ಮಾಡಿ ಆಮೇಲೆ ಗೊತ್ತುಮಾಡಿಕೊಂಡವನು. ಕೃಷ್ಣ ಸೋತನೋ ಗೆದ್ದನೋ ಎಂದು, ಮಾತಿನಲ್ಲೇ ಪಾತ್ರ ಕಟ್ಟುವ ಅರ್ಥಧಾರಿಗಳು ರಾತ್ರಿಯಿಡೀ ವಾದ ಮಾಡಿದ್ದನ್ನು ನಾನು ಆಟಿಯ ಮಳೆಯಲ್ಲಿ ಕೂತು ಕೇಳಿದ್ದೇನೆ. ಅವರ ಕೈಗೆ ಈಡಿಪಸನನ್ನೂ ಒಮ್ಮೆ ಕೊಡಬೇಕು.

ಪ್ರಶ್ನೆ: ಸುತ್ತಿ ಬಳಸಿ ಬೇಡ. ಈಡಿಪಸ್ ತಪ್ಪಿತಸ್ಥನೋ ಅಲ್ಲವೋ?
– ಓದುಗರು, ಕಾಪು

ಉತ್ತರ: ಅಲ್ಲ ಎಂದು ಅವನೇ ವಾದಿಸುತ್ತಾನೆ, ಆದರೆ ಬೇರೆ ನಾಟಕದಲ್ಲಿ. ಸಾಫೊಕ್ಲಿಸ್ ತೀರಾ ಮುಪ್ಪಿನಲ್ಲಿ ಬರೆದ ‘ಕೊಲೊನಸ್ಸಿನಲ್ಲಿ ಈಡಿಪಸ್’ ನಾಟಕವನ್ನು ಆ ಕವಿ ಸತ್ತ ಮೇಲೆ, ಕ್ರಿ.ಪೂ. 401ರಲ್ಲಿ ಮೊದಲು ಆಡಿದ್ದು. ಅಲ್ಲಿ ಕುರುಡ ಮುದುಕ ಈಡಿಪಸ್ ಕೇಳುತ್ತಾನೆ: ನಾನು ಹುಟ್ಟುವ ಮೊದಲೇ ನನ್ನ ಅಪ್ಪನಿಗೆ ಬಂದ ನುಡಿಗೆ ನಾನು ಹೇಗೆ ಹೊಣೆ? ಸುರತ್ಕಲ್ಲಿನವರ ಪ್ರಶ್ನೆಯೇ! ತಮಾಷೆ ಎಂದರೆ, ಅದೇ ನಾಟಕದಲ್ಲಿ ಇದೇ ಮನುಷ್ಯ ಕೋಪದಲ್ಲಿ, ಅಣ್ಣತಮ್ಮ ಒಬ್ಬರನ್ನೊಬ್ಬರು ಕೊಂದು ಸಾಯಿರಿ ಎಂದು ತನ್ನ ಗಂಡುಮಕ್ಕಳಿಗೆ ಶಾಪ ಹಾಕುತ್ತಾನೆ. ಥೀಬ್ಸಿನ ಗದ್ದುಗೆಗಾಗಿ ಒಡಹುಟ್ಟಿದವನ ಮೇಲೆಯೇ ದಂಡೆತ್ತಿ ಹೊರಟ ಮಗ ಪಾಲಿನೈಸಿಸನಿಗೆ, ಹಿಂದೆ ತಿರುಗು, ಯುದ್ಧ ಬೇಡ ಎಂದು ಅವನ ತಂಗಿ ಆಂಟಿಗನಿ ಅಂಗಲಾಚುತ್ತಾಳೆ. ಅವನು, ಓಡಿಹೋದರೆ ಮರ್ಯಾದೆ ಏನಾಗಬೇಕು ಎಂದು ಹೊರಟೇ ಹೋಗುತ್ತಾನೆ.