ಪ್ರತಿಕ್ರಿಯೆ: ಚೈನ್‌ಸಾ ಮುಖದ ಕಡೆ ಚಿಮ್ಮಿದ್ದು ಯಾಕೆ?

ಜಯನಗರದಲ್ಲಿ ಮಳೆಗೆ ಬಿದ್ದ ಗುಲ್‌ಮೊಹರ್ ಕತ್ತರಿಸುವಾಗ ಚೈನ್‌ಸಾ (ಯಂತ್ರದ ಗರಗಸ) ಮುಖದ ಕಡೆ ಚಿಮ್ಮಿತು ಅಂದಿರಲ್ವಾ, ಬಾರ್‌ನ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ತುದಿಯ ಮೇಲ್ಭಾಗ ಹಿಂದೆ ಇದ್ದ ಇನ್ನೊಂದು ಕೊಂಬೆಗೆ ತಾಗಿರಬೇಕು. ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಹೆಚ್ಚಾಗಿ ಕಾರಣ ಇದೇ.

ಮೊದಲು ಚೈನ್ ಬ್ರೇಕ್ (ಚೈನ್ ತಿರುಗದಂತೆ ತಡೆಯುವ ಬ್ರೇಕ್) ಹಾಕಿ, ಗರಗಸವನ್ನು ನೆಲದ ಮೇಲೆ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ, ಬ್ರೇಕ್ ಹಾಕಿದ ಹಾಗೆಯೇ ಒಂದು ಕ್ಷಣ ಥ್ರಾಟಲ್ ಒತ್ತಿ. ಚೈನ್ ತಿರುಗಿದರೆ ಬಳಸಲೇಬೇಡಿ, ರಿಪೇರಿಗೆ ಕೊಡಿ. ಆಮೇಲೆ ಹಿಡಿತ. ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿರಲಿ. ತುಂಬಾ ಜನ ಅದನ್ನು ಸುಮ್ನೆ ಮೇಲಿಡ್ತಾರೆ, ಚಿಮ್ಮಿದಾಗ ಕೈ ಜಾರುವುದು ಅಲ್ಲೇ. ತಲೆ ಬಾರ್‌ನ ನೇರಕ್ಕೆ ಬೇಡ, ಗರಗಸ ಭುಜಕ್ಕಿಂತ ಮೇಲೆ ಬೇಡ.

ಜೊತೆಗಾರನಿಂದ ಕೊಂಬೆ ಹಿಡಿಸಬೇಡಿ, ದಯವಿಟ್ಟು. ಅವನು ದೂರ ನಿಂತು ನಿಮಗೆ ಕಾಣದ ಕೊಂಬೆಗಳನ್ನು ನೋಡಲಿ. ಅವನು ಕೈ ಎತ್ತಿದರೆ ತಕ್ಷಣ ನಿಲ್ಲಿಸಿ, ಯಾಕೆ ಅಂತ ಆಮೇಲೆ ಕೇಳಿ.