ಹುಣ್ಣಿಮೆಯ ದಿನ ಅನುರಾಧಪುರ

ಪ್ರಶ್ನೆ: ಅಮ್ಮನ ಜೊತೆ ಶ್ರೀಲಂಕಾದ ಗುಂಪು ಪ್ರವಾಸಕ್ಕೆ ಹೊರಟಿದ್ದೇನೆ. ಅನುರಾಧಪುರಕ್ಕೆ ಹೋಗುವ ದಿನ ಹುಣ್ಣಿಮೆ. ವಿಪರೀತ ಜನವಂತೆ. ದಿನ ಬದಲಿಸಲು ಕೇಳಲೇ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಬದಲಿಸಬೇಡಿ. ಅಲ್ಲಿ ಪ್ರತಿ ಹುಣ್ಣಿಮೆಯೂ ‘ಪೋಯ’ ಎಂಬ ಬೌದ್ಧರ ಪವಿತ್ರ ದಿನ, ಸರ್ಕಾರಿ ರಜೆ. ಊರಿಗೆ ಊರೇ ಬಿಳಿ ಉಟ್ಟು ಬರುತ್ತದೆ. ನಾನು ಹೋದದ್ದೂ ಅಂಥದೇ ದಿನ. ಅಶೋಕನ ಮಗಳು ಸಂಘಮಿತ್ರೆ ತಂದಳೆನ್ನುವ ಬೋಧಿವೃಕ್ಷದ ಬಳಿ ಅಜ್ಜಿಯೊಬ್ಬರು ತಾವರೆ ಮೊಗ್ಗಿನ ಎಸಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿ ಅರಳಿಸುತ್ತಿದ್ದರು. ಭಾಷೆ ಬಾರದ ನನ್ನ ಕೈಗೂ ಒಂದು ಮೊಗ್ಗಿಟ್ಟು ಕಲಿಸಿದರು. ಈಗಲೂ ನೆನೆದರೆ ಕಣ್ಣು ತುಂಬುತ್ತದೆ.

ಅಮ್ಮನಿಗೊಂದು ಬಿಳಿ ಸೀರೆ ಇಟ್ಟುಕೊಳ್ಳಿ. ನಮ್ಮಲ್ಲಿಯಂತೆ ಹಿಂಜರಿಯಬೇಕಿಲ್ಲ, ಅಲ್ಲಿ ಅದು ಪೂಜೆಯ ಬಣ್ಣ. ಬೆಳಗ್ಗೆ ಬೇಗ ಹೋಗಿ. ಬಿಸಿಲೇರಿದರೆ ರುವನ್ವೆಲಿಸಾಯ ಸ್ತೂಪದ ಹಾಸುಗಲ್ಲು ಬರಿಗಾಲನ್ನು ಸುಡುತ್ತದೆ. ಬುದ್ಧನಿಗೆ ಬೆನ್ನು ಹಾಕಿ ಫೋಟೊ ಮಾತ್ರ ತೆಗೆಸಿಕೊಳ್ಳಬೇಡಿ, ಅಲ್ಲಿನ ಜನರಿಗೆ ನೋವಾಗುತ್ತದೆ.