ಆಸ್ಪತ್ರೆ ಗಲಾಟೆ: ರಿಜಿಸ್ಟರಿನಲ್ಲಿ ಏನು ಬರೆಯಬೇಕು?

ಪ್ರಶ್ನೆ: ಮಂಡ್ಯದಲ್ಲಿ ನೂರು ಹಾಸಿಗೆಯ ಖಾಸಗಿ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುತ್ತಿದ್ದೇನೆ. ಗಲಾಟೆ, ಮೊಬೈಲ್ ಕಳ್ಳತನ ಎಲ್ಲವನ್ನೂ ಸೆಕ್ಯುರಿಟಿಯವರು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಯಾರೂ ಓದುವುದಿಲ್ಲ. ಈಗ ಮಾಲೀಕರು ಇನ್ನಷ್ಟು ಸಿಸಿಟಿವಿ ಹಾಕಿಸೋಣ ಎನ್ನುತ್ತಿದ್ದಾರೆ. ಏನು ಮಾಡಲಿ ಸರ್?

ಉತ್ತರ: ಮೊದಲು ಆ ರಿಜಿಸ್ಟರನ್ನು ಓದಿ. ಕಳೆದ ಆರು ತಿಂಗಳ ಪುಟ ಸಾಕು. ಬಹುಶಃ ಹೀಗಿರುತ್ತದೆ: 'ರೋಗಿಯ ಕಡೆಯವರು ಗಲಾಟೆ ಮಾಡಿದರು, ಸಮಾಧಾನ ಮಾಡಿ ಕಳಿಸಲಾಯಿತು.' ಇದರಿಂದ ಏನು ತಿಳಿಯುತ್ತದೆ ಹೇಳಿ? ಎಷ್ಟು ಗಂಟೆಗೆ, ಎಲ್ಲಿ, ಆಗ ಡ್ಯೂಟಿಯಲ್ಲಿ ಎಷ್ಟು ಜನ ಇದ್ದರು ಎಂಬುದು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜಗಳಕ್ಕೆ ಮುಂಚೆ ಅಲ್ಲಿ ಏನು ನಡೆಯಿತು ಎಂಬುದು ಬೇಕು.

ಪರಿಹಾರ ಸಿಗುವುದು ಅಲ್ಲೇ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಅಪಘಾತವಾದರೆ ಗಾಯಾಳುವಿನ ಹಿಂದೆಯೇ ಹತ್ತಾರು ಜನ ಎಮರ್ಜೆನ್ಸಿಗೆ ನುಗ್ಗುತ್ತಾರೆ. ಒಳಗೆ ಏನಾಗುತ್ತಿದೆ ಎಂದು ಅರ್ಧ ಗಂಟೆಯಾದರೂ ಯಾರೂ ಹೇಳುವುದಿಲ್ಲ. ಸಿಟ್ಟು ಬರದೆ ಇರುತ್ತದೆಯೇ? ಇಂಥ ನಮೂದು ಮತ್ತೆ ಮತ್ತೆ ಕಂಡರೆ ನಿಮಗೆ ಬೇಕಿರುವುದು ಗಾರ್ಡ್ ಅಲ್ಲ, ಹದಿನೈದು ನಿಮಿಷಕ್ಕೊಮ್ಮೆ ಹೊರಗೆ ಬಂದು ಮನೆಯವರ ಜೊತೆ ಮಾತಾಡುವ ಒಬ್ಬರು. ಜಗಳ ಬಿಲ್ ಕೌಂಟರಿನಲ್ಲೇ ಜಾಸ್ತಿ ಆದರೆ, ಖರ್ಚಿನ ಅಂದಾಜನ್ನು ದಿನಾ ಹೇಳುತ್ತಿದ್ದೀರಾ ನೋಡಿ. ಸಾವಿನ ಸುದ್ದಿಯನ್ನು ಕಾರಿಡಾರಿನಲ್ಲಿ ನಿಂತು ಹೇಳುವುದಂತೂ ಬೇಡವೇ ಬೇಡ. ಅದಕ್ಕೊಂದು ರೂಮು, ಕುರ್ಚಿ, ನೀರು ಇರಲಿ. ಕಳ್ಳತನ ಒಂದೇ ಕತ್ತಲೆ ಮೂಲೆಯಲ್ಲಿ ಆಗುತ್ತಿದ್ದರೆ ಅಲ್ಲಿ ದೀಪ, ಕ್ಯಾಮೆರಾ ಹಾಕಿಸಿ. ಆ ಖರ್ಚಿಗೆ ಅರ್ಥವಿದೆ.

ಇನ್ನೊಂದು ಮಾತು. ಹೊಡೆತ ಬಿದ್ದರೆ ಮಾತ್ರ ಬರೆಯುವ ಅಭ್ಯಾಸ ಬಿಡಿಸಿ. ನೈಟ್ ಡ್ಯೂಟಿ ಸಿಸ್ಟರುಗಳು ದಿನಾ ಬೈಗುಳ ಕೇಳಿ ಸುಮ್ನೆ ಇರುತ್ತಾರೆ, 'ನೀನೇನು ಅಂದೆ?' ಎಂದು ತಮ್ಮನ್ನೇ ಕೇಳುತ್ತಾರೆ ಎಂಬ ಭಯ ಅವರಿಗೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಬರೆದವರ ಮೇಲೆ ತಪ್ಪು ಹೊರಿಸುವುದಿಲ್ಲ ಎಂದು ನೀವೇ ಹೋಗಿ ಹೇಳಿ, ಹಾಗೆಯೇ ನಡೆದುಕೊಳ್ಳಿ. ಆಗ ಮೊದಲ ತಿಂಗಳುಗಳಲ್ಲಿ ಘಟನೆಗಳ ಸಂಖ್ಯೆ ಏರುತ್ತದೆ. ಮಾಲೀಕರು ಗಾಬರಿಯಾಗಬಾರದು, ಇಷ್ಟು ದಿನ ಮುಚ್ಚಿದ್ದು ಈಗ ಕಾಣುತ್ತಿದೆ ಅಷ್ಟೇ.

ಲೆಕ್ಕ ಹಾಕುವಾಗ ರೋಗಿಗಳ ಸಂಖ್ಯೆಯನ್ನೂ ಜೊತೆಗಿಡಿ. ಸಾವಿರ ರೋಗಿಗಳಿಗೆ ಎಷ್ಟು ಘಟನೆ ಎಂದು ನೋಡಿದರೇ ಒಂದು ತಿಂಗಳನ್ನು ಇನ್ನೊಂದಕ್ಕೆ ಹೋಲಿಸಬಹುದು. ಒಂದೇ ತಿಂಗಳು ನೋಡಿ ತೀರ್ಮಾನ ಬೇಡ.

ಆದರೆ ಯಾರಾದರೂ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ರಾಜಿ ಮಾಡಿ ಕಳಿಸಬೇಡಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದಲೇ ಕಾನೂನಿದೆ. ಅದರಡಿ ಇಂಥ ಹಲ್ಲೆ ಜಾಮೀನು ರಹಿತ ಅಪರಾಧ. 2024ರ ಆಗಸ್ಟಿನಲ್ಲಿ, ಕೋಲ್ಕತ್ತಾದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ನಂತರ, ಹಲ್ಲೆಯಾದ 6 ಗಂಟೆಯೊಳಗೆ ಸಂಸ್ಥೆಯ ಕಡೆಯಿಂದಲೇ ಎಫ್‌ಐಆರ್ ದಾಖಲಾಗಬೇಕು ಎಂದು ಕೇಂದ್ರ ಸರ್ಕಾರ ತನ್ನ ಆಸ್ಪತ್ರೆಗಳಿಗೆ ಸೂಚಿಸಿತು. ನೀವೂ ಅದನ್ನೇ ಪಾಲಿಸಿ. ಪೆಟ್ಟು ತಿಂದ ಸಿಸ್ಟರ್ ಒಬ್ಬರೇ ಠಾಣೆಗೆ ಹೋಗುವಂತಾಗಬಾರದು. ಕ್ಯಾಮೆರಾ ದೃಶ್ಯವನ್ನು ಅದೇ ದಿನ ಬೇರೆ ಕಡೆ ಉಳಿಸಿಡಿ, ಕೆಲವು ವಾರಗಳಲ್ಲಿ ಅದು ತಾನೇ ಅಳಿಸಿಹೋಗುತ್ತದೆ.